ಕದಿರಪ್ಪ ಆರಿಸಿ ತಂದ ಪೊದೆ ಕೊಯ್ಯುವ ಮಿಷನ್

ಜಕ್ಕೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಎತ್ತು ಕೊಳ್ಳಬೇಕೆನ್ನುವವರು ಮೊದಲು ಕದಿರಪ್ಪನ ಮನೆಗೆ ಬರುತ್ತಿದ್ದರು. ಬಾಯಿ ಬಿಡಿಸಿ ಹಲ್ಲು ನೋಡುವುದು, ಬೆನ್ನ ಮೇಲಿನ ಸುಳಿ ಒಳ್ಳೆಯದೋ ಕೆಟ್ಟದ್ದೋ ಹೇಳುವುದು, ಇಷ್ಟು ಊರಿನ ಯಾವ ಗಂಡಸಿಗೂ ಬರುತ್ತಿತ್ತು. ಕದಿರಪ್ಪನ ದಾರಿಯೇ ಬೇರೆ. ಹತ್ತು ಮಾರು ದೂರ ನಿಂತು, ಎತ್ತು ನಾಲ್ಕು ಹೆಜ್ಜೆ ನಡೆಯುವುದನ್ನು ನೋಡಿ, "ಇದನ್ನ ಎಡಕ್ಕೇ ಕಟ್ಟು, ಬಲಕ್ಕೆ ಕಟ್ಟಿದ್ರೆ ಭುಜ ಕೊಡಲ್ಲ" ಎಂದುಬಿಡುತ್ತಿದ್ದ. ಹಾಗೇ ಆಗುತ್ತಿತ್ತು. ಘಾಟಿಯ ದನದ ಜಾತ್ರೆಯಲ್ಲಿ ಅವನು ಟವೆಲ್ ಮುಚ್ಚಿ ಕೈ ಚಾಚಿದನೆಂದರೆ ಪಕ್ಕದ ದಲ್ಲಾಳಿಗಳು ತಮ್ಮ ವ್ಯಾಪಾರ ಬಿಟ್ಟು ಅವನ ಮುಖ ನೋಡುತ್ತಿದ್ದರು. ಟವೆಲಿನ ಕೆಳಗೆ ಬೆರಳು ಅದುಮಿ ಬೆಲೆ ಕೇಳುವ ಆ ವ್ಯಾಪಾರದಲ್ಲಿ ಅವನ ರೆಪ್ಪೆ ಕೂಡ ಅಲುಗುತ್ತಿರಲಿಲ್ಲ.

ಜಂಬ ಇರಲಿಲ್ಲವೇ? ಇತ್ತು ಮಹಾರಾಯ, ಇಲ್ಲದೆ ಇರುತ್ತದೆಯೇ. ಮೀಸೆಗೆ ಎಣ್ಣೆ ಹಚ್ಚಿ, ಜರಿಯಂಚಿನ ರುಮಾಲು ಸುತ್ತಿ ಬೀದಿಗಿಳಿದರೆ ಕದಿರಪ್ಪನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಆದರೆ ಕೆಟ್ಟವನಲ್ಲ. ಕುಂಟೆತ್ತನ್ನು ಒಳ್ಳೆಯದೆಂದು ಯಾರಿಗೂ ಕಟ್ಟಿಸಿದವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರುವುದೆಲ್ಲ ಅವನು ತಲೆ ತಗ್ಗಿಸಿದ ಕಥೆ.

ಅರವತ್ತನಾಲ್ಕನೇ ಇಸವಿಯಲ್ಲಿ ಊರಿನ ಬೇಸಾಯಗಾರರ ಸಂಘಕ್ಕೆ ವಿಮಾನದ ಮೈದಾನದ ಆಚೆ ನಲವತ್ತು ಎಕರೆ ಬೀಳು ಸಿಕ್ಕಿತು. ಲಂಟಾನ, ತಂಗಡಿ, ಜಾಲಿ ಎದೆಮಟ್ಟ ಬೆಳೆದು ನಿಂತಿದ್ದವು. ಪೊದೆಯ ಬುಡದಲ್ಲಿ ಹಿಂದೆಂದೋ ಕಡಿದ ಮರಗಳ ಬೊಡ್ಡೆ, ಬೊಡ್ಡೆಯ ಪಕ್ಕದಲ್ಲಿ ಅರ್ಧ ಹೂತ ಬಂಡೆ. ಕುಡುಗೋಲು ಹಿಡಿದು ಸವರಲು ಹೊರಟರೆ ವರ್ಷ ಸಾಲದು. ಸಂಘದಲ್ಲಿ ಹಳೆಯದೊಂದು ಟ್ರ್ಯಾಕ್ಟರ್ ಇತ್ತು, ಇಪ್ಪತ್ತೆಂಟು ಎಚ್‌ಪಿಯದು. ಅದರ ಹಿಂದೆ ಕಟ್ಟಿಕೊಂಡು ಪೊದೆ ಕೊಯ್ಯುವ ಮಿಷನ್ ಯಶವಂತಪುರದ ಒಂದು ಅಂಗಡಿಗೆ ಬಂದಿದೆ ಎಂಬ ಸುದ್ದಿ ಬಂತು. ಟ್ರ್ಯಾಕ್ಟರಿನ ಹಿಂದಿನ ಶಾಫ್ಟು ತಿರುಗಿದರೆ ಮಿಷನ್ನಿನ ಹೊಟ್ಟೆಯ ಕೆಳಗೆ ಕತ್ತಿಗಳು ಗಿರಗಿರನೆ ತಿರುಗಿ ಪೊದೆಯನ್ನು ಬುಡಕ್ಕೇ ಕತ್ತರಿಸಿ ಪುಡಿ ಮಾಡುತ್ತವಂತೆ.

"ಎತ್ತು ಆರ್ಸೋ ಕಣ್ಣಿಗೆ ಮಿಷನ್ ಆರ್ಸೋದು ಯಾವ ಮಹಾ? ಕದಿರಪ್ಪನೇ ಓಗ್ಬರ್ಲಿ" ಎಂದರು ಸಂಘದ ಅಧ್ಯಕ್ಷ ದೊಡ್ಡಮುನಿಯಪ್ಪನವರು. ಎಲ್ಲರೂ ಹೌದು ಹೌದೆಂದರು. ಇದು ನನಗೆ ತಿಳಿಯದ ವಿಷಯ ಎಂದು ಕದಿರಪ್ಪ ಹೇಳಬೇಕಿತ್ತು. ಹೇಳಲಿಲ್ಲ.

ಜೊತೆಗೆ ಹೊರಟವನು ಟ್ರ್ಯಾಕ್ಟರ್ ಓಡಿಸುವ ಚಿಕ್ಕಮಾರಯ್ಯ. ಕೇರಿಯವನು, ಮಿಲಿಟರಿಯಲ್ಲಿ ಎಂಟು ವರ್ಷ ಲಾರಿ ಓಡಿಸಿ ಬಂದವನು. ಸಂಘದ ಟ್ರ್ಯಾಕ್ಟರಿನ ಮೇಲೆ ಕೇರಿಯವನು ಕೂರುವುದೇ ಎಂದು ಊರಲ್ಲಿ ಕೆಲವರು ಮೂಗು ಮುರಿದಾಗ, "ಟ್ರ್ಯಾಕ್ಟರ್‌ಗೆ ಜಾತಿ ಗೊತ್ತಾಗ್ತದೇನ್ರೋ? ಕೆಲ್ಸ ಬರೋನು ಕೂರ್ಲಿ" ಎಂದು ಅವರ ಬಾಯಿ ಮುಚ್ಚಿಸಿದವನು ಇದೇ ಕದಿರಪ್ಪ. ಚಿಕ್ಕಮಾರಯ್ಯ ಅದನ್ನು ಮರೆತಿರಲಿಲ್ಲ. ಹೆಂಡತಿ ಮುನಿಕೆಂಪಮ್ಮ ಕೂಲಿಗೆ ಹೋಗುವುದು ತಪ್ಪಿದ್ದು ಆ ಸೀಟಿನಿಂದ.

ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಎರಡು ಮಿಷನ್ ನಿಂತಿದ್ದವು. ಒಂದು ಆರಡಿ ಅಗಲದ್ದು, ಕೆಂಪು ಬಣ್ಣ ಮಿರಮಿರ ಮಿಂಚುತ್ತಿತ್ತು, ಮೈ ತೆಳ್ಳಗೆ. ಇನ್ನೊಂದು ನಾಲ್ಕಡಿಯದು, ಕುಳ್ಳಗೆ, ದಪ್ಪ ತಗಡಿನದು, ಅದರ ಹಿಂದೆ ಮುಂದೆ ಸಾಲಾಗಿ ಸರಪಳಿ ತುಂಡುಗಳು ಜೋತಾಡುತ್ತಿದ್ದವು. ಕದಿರಪ್ಪ ಎರಡನ್ನೂ ಒಂದೊಂದು ಸುತ್ತು ಹಾಕಿದ. ಆಮೇಲೆ, ಅಭ್ಯಾಸಬಲ ನೋಡಿ, ಹೆಗಲ ಮೇಲಿನ ಟವೆಲ್ ತೆಗೆದು ಬಲಗೈಗೆ ಮುಚ್ಚಿಕೊಂಡು, ಅಂಗಡಿಯ ಗುಮಾಸ್ತ ಬದರೀನಾಥನ ಕೈಯನ್ನು ಅದರ ಕೆಳಗೆ ಎಳೆದುಕೊಂಡು ಎರಡು ಬೆರಳು ಅದುಮಿದ.

ಬದರೀನಾಥ ಬೆಚ್ಚಿಬಿದ್ದು ಕೈ ಕಿತ್ತುಕೊಂಡ. "ಏನ್ರೀ ಇದು? ರೇಟು ಬೋರ್ಡ್ ಮೇಲಿದೆ, ನೋಡ್ಕೊಳ್ಳಿ. ಇದು ಕಂಪನಿ ಕಣ್ರೀ, ದನದ ಸಂತೆ ಅಲ್ಲ."

ಶೆಡ್ಡಿನಲ್ಲಿದ್ದ ಐದಾರು ಜನ ಗೊಳ್ಳೆಂದರು. ಅವರಲ್ಲೊಬ್ಬ ಯಲಹಂಕದ ಸಾಹುಕಾರ, ಕದಿರಪ್ಪನಿಂದಲೇ ಎರಡು ಜೊತೆ ಎತ್ತು ಆರಿಸಿಕೊಂಡವನು. ಅವನೂ ನಕ್ಕ. ಕದಿರಪ್ಪನ ಮಾನ ಮೂರು ಕಾಸಿಗೆ ಹರಾಜಾಯಿತು. ಟವೆಲನ್ನು ಹೆಗಲಿಗೆ ಹಾಕಿಕೊಳ್ಳುವುದೋ ಕಂಕುಳಲ್ಲಿ ಇಟ್ಟುಕೊಳ್ಳುವುದೋ ತಿಳಿಯದೆ ಹಿಡಿದು ನಿಂತ.

ಶೆಡ್ಡಿನ ಫಿಟ್ಟರ್ ಅತಾವುಲ್ಲಾ ಮಾತ್ರ ನಗಲಿಲ್ಲ. ಕೈಯ ಗ್ರೀಸು ಒರೆಸಿಕೊಂಡು ಹತ್ತಿರ ಬಂದ. "ಬೇಜಾರ್ ಮಾಡ್ಕೋಬೇಡಿ ಗೌಡ್ರೇ. ಜಮೀನು ಹೆಂಗಿದೆ ಹೇಳಿ, ಯಾವುದು ಬೇಕು ನಾನ್ ಹೇಳ್ತೀನಿ. ಕಲ್ಲಿದೆಯಾ? ಬೊಡ್ಡೆ ಇದೆಯಾ?"

ಕೇಳಬೇಕಾದದ್ದೂ ಅದೊಂದೇ, ಹೇಳಬೇಕಾದದ್ದೂ ಅದೊಂದೇ. ಆದರೆ ಈಗಷ್ಟೇ ನಕ್ಕ ಜನ ಇನ್ನೂ ಅಲ್ಲೇ ನಿಂತು ನೋಡುತ್ತಿದ್ದರು. ನಮ್ಮೂರಿಗೆ ಸಿಕ್ಕಿದ್ದು ಬರೀ ಕಲ್ಲುಗುಡ್ಡೆ ಎಂದರೆ ಇನ್ನೊಂದು ಸಲ ನಗುತ್ತಾರೆ ಅನ್ನಿಸಿತು.

"ಕಲ್ಲಾ? ನಮ್ ಜಮೀನು ಅಲಗೆ ಇದ್ದಂಗೈತೆ" ಎಂದುಬಿಟ್ಟ.

ಹಿಂದೆ ನಿಂತಿದ್ದ ಚಿಕ್ಕಮಾರಯ್ಯ ಕೆಮ್ಮಿದ. ಅತಾವುಲ್ಲಾ ತಲೆಯಾಡಿಸಿ, "ಹಲಗೆ ಥರ ಇದ್ದು ಬರೀ ಹುಲ್ಲು ಕೊಯ್ಯೋದಾದ್ರೆ ಆ ಕೆಂಪುದು ಆಗುತ್ತೆ. ಆದ್ರೂ ಹೊರಗೆ ನಿಲ್ಸಿರೋ ನಿಮ್ ಟ್ರ್ಯಾಕ್ಟರ್ ಚಿಕ್ಕದು, ಆರಡಿ ತಿರುಗಿಸೋಕೆ ತಿಣುಕುತ್ತೆ. ಈ ಕುಳ್ಳಂದು ನೋಡಿ. ಕತ್ತಿ ದಪ್ಪ, ಕಲ್ಲು ತಗುಲಿದ್ರೆ ಹಿಂದಕ್ಕೆ ಮಡಚ್ಕೊಳ್ಳುತ್ತೆ. ಕೆಳಗೆ ಬಾಣಲೆ ಥರ ಇದೆಯಲ್ಲ, ಬೊಡ್ಡೆ ಸಿಕ್ಕರೆ ಅದರ ಮೇಲೆ ಜಾರ್ಕೊಂಡು ಹೋಗುತ್ತೆ. ಸರಪಳಿ ಇರೋದು ಕಲ್ಲು ಚಿಮ್ಮಿ ಯಾರಿಗೂ ಹೊಡೀದೆ ಇರ್ಲಿ ಅಂತ. ಕೆಂಪುದರಲ್ಲಿ ಇದ್ಯಾವುದೂ ಇಲ್ಲ" ಎಂದ.

"ಗೌಡ್ರೇ, ಚಿಕ್ಕದೇ ತಗಳಣ" ಎಂದ ಚಿಕ್ಕಮಾರಯ್ಯ ಮೆಲ್ಲಗೆ. "ನಮ್ ಬೀಳಿನಾಗೆ..."

"ಸುಮ್ನೆ ನಿಂತ್ಕೋ ಮಾರ." ಕದಿರಪ್ಪನ ಕಣ್ಣು ಆಗಲೇ ಎತ್ತು ನೋಡುವ ಕಣ್ಣಾಗಿತ್ತು. ನೀಳ ಬೆನ್ನು, ಹೊಳೆಯುವ ಮೈ, ಎದೆ ಅಗಲ, ಇನ್ನೇನು ಬೇಕು? "ಈ ಕುಳ್ಳಂದು ಗೆಜ್ಜೆ ಕಟ್ಕಂಡು ನಿಂತೈತೆ, ಕುಣಿಯೋರ ಮನೆಗೆ ಓಗ್ಲಿ. ನಮಗೆ ಆ ಕೆಂಪುದ್ನೇ ಕೊಡಿ."

ಜನ ಮತ್ತೆ ನಕ್ಕರು. ಈ ಸಲ ಅವನ ಕಡೆಗೆ ನಿಂತು ನಕ್ಕರು. ಆ ನಗೆ ಕದಿರಪ್ಪನಿಗೆ ಹಾಯೆನಿಸಿತು.

ಹೊರಡುವಾಗ ಅತಾವುಲ್ಲಾ ನಾಲ್ಕು ಬೋಲ್ಟುಗಳನ್ನು ಕಾಗದದಲ್ಲಿ ಸುತ್ತಿ ಚಿಕ್ಕಮಾರಯ್ಯನ ಕೈಗಿಟ್ಟ. "ಶಾಫ್ಟಿಗೂ ಮಿಷನ್ನಿಗೂ ನಡುವೆ ಈ ಬೋಲ್ಟ್ ಇರುತ್ತೆ. ಬೇಕಂತಲೇ ಮೆತ್ತಗೆ ಮಾಡಿರೋದು. ಗಟ್ಟಿ ಏನಾದ್ರೂ ತಗುಲಿದ್ರೆ ಇದು ಮುರಿದು ಮಿಷನ್ನ ಉಳಿಸುತ್ತೆ. ಮುರಿದ್ರೆ ಮುರೀಲಿ, ಬೇರೆ ಏನೂ ಹಾಕ್ಬೇಡಿ." ಕದಿರಪ್ಪನ ಕಿವಿಗೂ ಆ ಮಾತು ಬಿತ್ತು.

ಮಿಷನ್ ಕೆಲಸಕ್ಕಿಳಿದ ದಿನ ಅರ್ಧ ಊರೇ ಬೀಳಿಗೆ ಬಂದಿತ್ತು. ಅರಿಶಿನ ಕುಂಕುಮ ಹಚ್ಚಿದರು, ಟ್ರ್ಯಾಕ್ಟರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಮೊದಲ ಇಪ್ಪತ್ತು ಮಾರು ಕೆಂಪು ಮಿಷನ್ ಪೊದೆಯನ್ನು ಉಪ್ಪಿಟ್ಟಿನ ರವೆಯಂತೆ ಪುಡಿ ಮಾಡಿ ಹಾಕಿತು. ದೊಡ್ಡಮುನಿಯಪ್ಪನವರು ಕದಿರಪ್ಪನ ಬೆನ್ನು ತಟ್ಟಿದರು. ಅಷ್ಟರಲ್ಲಿ ಟಣ್ ಎಂದು ಸದ್ದಾಗಿ ಕತ್ತಿ ನಿಂತಿತು. ಬೋಲ್ಟು ಮುರಿದಿತ್ತು. ಚಿಕ್ಕಮಾರಯ್ಯ ಇಳಿದು ಬೇರೆ ಹಾಕಿದ. ಹತ್ತು ಮಾರು ಹೋಗುವಷ್ಟರಲ್ಲಿ ಮತ್ತೆ ಟಣ್. ಬೊಡ್ಡೆ ಸಿಕ್ಕರೆ ಟಣ್, ಬಂಡೆ ಸಿಕ್ಕರೆ ಟಣ್. "ಏನ್ ಕದಿರಪ್ಪಣ್ಣ, ನಿನ್ನೆತ್ತು ಮಂಡಿ ಊರ್ತಲ್ಲ" ಎಂದು ಯಾರೋ ಕೂಗಿದರು. ಊಟದ ಹೊತ್ತಿಗೆ ಜನ ನಕ್ಕು ನಕ್ಕು ಸಾಕಾಗಿ ಮನೆಗೆ ಹೋದರು. ಬೀಳಿನಲ್ಲಿ ಉಳಿದವರು ಇಬ್ಬರೇ.

ಚಿಕ್ಕಮಾರಯ್ಯ ಖಾಲಿ ಕಾಗದ ತೋರಿಸಿದ. "ಬೋಲ್ಟ್ ಮುಗೀತು ಗೌಡ್ರೇ. ಯಶವಂತಪುರಕ್ಕೆ ಓಗ್ಬೇಕು. ಅಂಗೇ ಆ ಫಿಟ್ಟರ್‌ಗೆ ಇರೋದು ಇದ್ದಂಗೆ ಯೋಳಿ, ಮಿಷನ್ ಬದ್ಲಾಯಿಸ್ಕೊಂಡ್ ಬರಣ. ಕೆಲ್ಸಕ್ಕಿಳ್ದು ಇನ್ನೂ ಒಂದಿನ ಆಗಿಲ್ಲ, ಒಪ್ಕೋತಾರೆ."

ಒಳ್ಳೆಯ ಮಾತು, ಕಷ್ಟದ ಮಾತೂ ಅಲ್ಲ. ಆದರೆ ಆ ಶೆಡ್ಡಿಗೆ ಹೋಗಿ, ಆ ಬದರೀನಾಥನ ಎದುರು ನಿಂತು, ನನ್ನ ಜಮೀನು ಹಲಗೆಯಲ್ಲ ಎನ್ನುವುದು ಕದಿರಪ್ಪನಿಂದ ಆಗದ ಕೆಲಸ. ಅವನ ಎತ್ತಿನ ಗಾಡಿ ಅಲ್ಲೇ ಹೊಂಗೆಯ ನೆರಳಲ್ಲಿ ನಿಂತಿತ್ತು. ಚಕ್ರ ಕಳಚದ ಹಾಗೆ ಅಚ್ಚಿನ ತುದಿಗೆ ಹಾಕುವ ಕಬ್ಬಿಣದ ಕೀಲು, ಕಡಾಣಿ, ಗಾಡಿಯಲ್ಲಿ ಯಾವಾಗಲೂ ಒಂದು ಹೆಚ್ಚಿಗೆ ಇರುತ್ತಿತ್ತು. ಅದನ್ನು ತಂದು ಮುಂದೆ ಹಿಡಿದ.

"ಇದ್ನ ಆಕು."

"ಬ್ಯಾಡಿ ಗೌಡ್ರೇ. ಅಲ್ಲಿ ಆಕೋದು ಮುರಿಯಾಕೇ ಇರೋದು. ಇದು ಮುರಿಯಲ್ಲ."

"ಮುರಿಯದೇ ಇರ್ಲಿ ಅಂತ್ಲೇ ಆಕು ಅಂತಿರೋದು."

ಚಿಕ್ಕಮಾರಯ್ಯ ಕೈ ಚಾಚಲಿಲ್ಲ. ಆಗ ಕದಿರಪ್ಪನ ಬಾಯಿಂದ, ಸಾಯುವ ತನಕ ಅವನ ಕಿವಿಯಲ್ಲೇ ಉಳಿದ ಆ ಮಾತು ಬಂತು: "ನಿಂಗೆ ಈ ಸೀಟು ಕೊಡ್ಸಿದ್ದು ಯಾರು?"

ಚಿಕ್ಕಮಾರಯ್ಯ ಒಂದು ಗಳಿಗೆ ಅವನ ಮುಖ ನೋಡಿ, ಕಡಾಣಿ ತೆಗೆದುಕೊಂಡು ಸುತ್ತಿಗೆಯಿಂದ ಬಡಿದು ಕೂರಿಸಿದ. ಟ್ರ್ಯಾಕ್ಟರ್ ಹತ್ತಿ ಹೊರಟ. ಐವತ್ತು ಮಾರು ಹೋಗಿರಲಿಲ್ಲ, ಲಂಟಾನದ ಬುಡದಲ್ಲಿದ್ದ ಬಂಡೆಗೆ ಕತ್ತಿ ಬಡಿಯಿತು. ಕಡಾಣಿ ಮುರಿಯಲಿಲ್ಲ. ಮಿಷನ್ನಿನ ಗೇರುಪೆಟ್ಟಿಗೆ ಒಡೆದು ಎಣ್ಣೆ ಸುರಿಯಿತು, ಕತ್ತಿಯ ತುಂಡೊಂದು ಮುಂದಕ್ಕೆ ಚಿಮ್ಮಿ ಚಿಕ್ಕಮಾರಯ್ಯನ ಮೀನಖಂಡವನ್ನು ಸೀಳಿಕೊಂಡು ಹೋಯಿತು. ತಡೆಯಲು ಅಲ್ಲಿ ಸರಪಳಿ ಇರಲಿಲ್ಲ.

ಕದಿರಪ್ಪನೇ ಅವನನ್ನು ಎತ್ತಿ ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿಸಿದ. ಅಂಗಿಯೆಲ್ಲ ರಕ್ತ. ದಾರಿಯುದ್ದಕ್ಕೂ, "ಎಲ್ಲಾ ನಂದೇ ತಪ್ಪು ಕಣೋ ಮಾರ, ಎಲ್ರ ಮುಂದೂ ಯೋಳ್ತೀನಿ" ಎನ್ನುತ್ತಲೇ ಇದ್ದ. ಹೇಳಿದ್ದು ಮನಸಾರೆಯೇ.

ಎರಡು ವಾರ ಬಿಟ್ಟು ಸಂಘದ ಜಗಲಿಯಲ್ಲಿ ಸಭೆ ಸೇರಿತು. ಚಿಕ್ಕಮಾರಯ್ಯ ಕೋಲೂರಿಕೊಂಡು ಜಗಲಿಯ ಕೆಳಗೆ ನಿಂತಿದ್ದ. ದೊಡ್ಡಮುನಿಯಪ್ಪನವರು ಒಡೆದ ಮಿಷನ್ನಿನಿಂದ ಕಿತ್ತ ಕಡಾಣಿಯನ್ನು ಎತ್ತಿ ಹಿಡಿದರು. "ಇದ್ನ ಆಕಿದ್ದು ಯಾರು?"

"ಆಕಿದ್ದು ನಾನೇ" ಎಂದ ಚಿಕ್ಕಮಾರಯ್ಯ. ಅದು ನಿಜವೇ. ಅಷ್ಟು ಹೇಳಿ ಕದಿರಪ್ಪನ ಕಡೆ ನೋಡಿದ. ಉಳಿದರ್ಧ ಹೇಳಬೇಕಾದವನು ಅಲ್ಲಿ, ಜಗಲಿಯ ಮೇಲೆ, ಅಧ್ಯಕ್ಷರ ಪಕ್ಕದಲ್ಲಿ ಕೂತಿದ್ದ.

ಈಗ ಹೇಳುತ್ತೇನೆ, ಇವರ ಮಾತು ಮುಗಿಯಲಿ ಎಂದುಕೊಂಡ ಕದಿರಪ್ಪ. ಅವರ ಮಾತು ಮುಗಿಯಲಿಲ್ಲ. "ಮಿಲಿಟರೀಲಿ ಇಂಗೇನಾ ಕಲ್ಸೋದು?" ಎಂದ ಒಬ್ಬ. "ಯಾರ ಗಾಡಿ ಕಡಾಣಿನೋ ಕದ್ದು ತಂದು ಬಡ್ದವ್ನೆ" ಎಂದ ಇನ್ನೊಬ್ಬ. ಕದ್ದ ಎಂಬ ಮಾತು ಕೇಳಿದಾಗಲೂ ಕದಿರಪ್ಪ ತುಟಿ ಪಿಟಕ್ಕೆನ್ನಲಿಲ್ಲ. ಹೊಸಲು ದಾಟಬೇಕೆನ್ನುವ ಹೊತ್ತಿಗೆ ಬಾಗಿಲೇ ಮುಚ್ಚಿದ ಹಾಗೆ, ಚಿಕ್ಕಮಾರಯ್ಯನನ್ನು ಕೆಲಸದಿಂದ ತೆಗೆಯುವುದೆಂದು ಸಭೆ ತೀರ್ಮಾನ ಮಾಡಿ ಎದ್ದಿತು. ಚಿಕ್ಕಮಾರಯ್ಯ ಕುಂಟುತ್ತ ಹೋದ.

ಆವತ್ತಿನಿಂದ ಕದಿರಪ್ಪ ಕೇರಿಯ ಮುಂದಿನ ದಾರಿ ಬಿಟ್ಟು ಕೆರೆ ಏರಿಯ ಮೇಲೆ ಸುತ್ತಿಕೊಂಡು ಓಡಾಡತೊಡಗಿದ. ಎತ್ತು ನೋಡಿ ಬನ್ನಿ ಎಂದು ಕರೆದವರಿಗೆ ಸೊಂಟ ನೋವು ಎಂದ. ಮುನಿಕೆಂಪಮ್ಮ ಬುಟ್ಟಿ ಹಿಡಿದು ಕೂಲಿಗೆ ಹೋಗುವುದನ್ನು ದೂರದಿಂದ ಕಂಡ ದಿನ, ಹೊಂಗೆಯ ಮರದ ಹಿಂದೆ ಅವಿತುಕೊಂಡ. ಐವತ್ತು ದಾಟಿದ ಗಂಡಸು, ಹೆಂಗಸೊಬ್ಬಳ ಕಣ್ಣಿಗೆ ಬೀಳಬಾರದೆಂದು ಮರದ ಹಿಂದೆ ನಿಂತಿದ್ದ. ಅವಳು ಹಾದುಹೋದ ಮೇಲೂ ಎಷ್ಟೋ ಹೊತ್ತು ಅವನಿಗೆ ಈಚೆ ಬರಲಾಗಲಿಲ್ಲ.

ಅವನ ಹೆಂಡತಿ ಯಲ್ಲಮ್ಮನಿಗೆ ಗಂಡನ ಮುಖ ಓದಲು ಪುಸ್ತಕ ಬೇಕಿರಲಿಲ್ಲ. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಗಾಡಿ ತೊಳೆಯುತ್ತ ಕೇಳಿದಳು. "ಎಚ್ಚಿನ ಕಡಾಣಿ ಕಾಣ್ತಿಲ್ವಲ್ಲ?"

ಕದಿರಪ್ಪ ಎತ್ತಿನ ಹಗ್ಗ ಬಿಚ್ಚುವವನಂತೆ ಅತ್ತ ತಿರುಗಿಕೊಂಡ. ಅವಳಿಗೆ ಎಲ್ಲ ತಿಳಿದುಹೋಯಿತು. ಕೈಯಲ್ಲಿದ್ದ ಚೆಂಬು ಕೆಳಗಿಟ್ಟಳು.

"ಇಷ್ಟ್ ದಿನ ಇವ್ರ ಜೊತೆ ಬಾಳ್ವೆ ಮಾಡ್ದೆ ಅಂತ ನಂಗೇ ನಾಚ್ಕೆ ಆಗ್ತೈತೆ" ಎಂದಳು, ಅವನಿಗಲ್ಲ, ಎತ್ತುಗಳಿಗೆ ಹೇಳುವವಳ ಹಾಗೆ.

ಅದೇ ಮಧ್ಯಾಹ್ನ ಕದಿರಪ್ಪ ಚಿಕ್ಕಮಾರಯ್ಯನ ಮನೆ ಮುಂದೆ ಹೋಗಿ ನಿಂತ. ಹುಟ್ಟಿದಾಗಿನಿಂದ ಆ ಮನೆಯ ಅಂಗಳಕ್ಕೆ ಕಾಲಿಟ್ಟವನಲ್ಲ. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ಅವನು ಕೂರುವವನಲ್ಲ ಎಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಮುನಿಕೆಂಪಮ್ಮ ಬಾಗಿಲಲ್ಲಿ ನಿಂತೇ ಇದ್ದಳು.

"ತಪ್ಪಾಯ್ತು ಮಾರ" ಎಂದ ಕದಿರಪ್ಪ. "ನಿನ್ ಬಾಯಿಗೆ ಮಣ್ಣಾಕ್ದೆ. ಕಾಲ್ ಮುಟ್ಟು ಅಂದ್ರೂ ಮುಟ್ತೀನಿ."

ಚಿಕ್ಕಮಾರಯ್ಯ ಗೋಡೆಗೊರಗಿ ಕಾಲು ಚಾಚಿ ಕೂತಿದ್ದ. "ನಂಗ್ಯಾಕೆ ಯೋಳ್ತೀರಿ ಗೌಡ್ರೇ? ನಂಗೆ ಗೊತ್ತಿಲ್ದೇ ಇರೋದಾ ಇದು? ಗೊತ್ತಿಲ್ದೋರಿಗೆ ಯೋಳಿ."

ಮುಂದಿನ ಸಭೆ ಸೇರಿದ್ದು ಹೊಸ ಡ್ರೈವರನನ್ನು ನೇಮಿಸಲಿಕ್ಕೆ. ಜಗಲಿ ತುಂಬಿತ್ತು. ಚಿಕ್ಕಮಾರಯ್ಯನೂ ಬಂದು ಕೆಳಗೆ, ಕಲ್ಲುಕಂಬದ ಹತ್ತಿರ ನಿಂತ. ಕದಿರಪ್ಪ ರುಮಾಲು ಸುತ್ತದೆ ಬರಿತಲೆಯಲ್ಲಿ ಎದ್ದು ನಿಂತ.

"ಆ ಕಡಾಣಿ ನನ್ ಗಾಡೀದು" ಎಂದ. "ಮಾರ ಬ್ಯಾಡ ಅಂದ. ಆಕು ಅಂದೋನು ನಾನು. ಅಂಗಡೀಲಿ ಫಿಟ್ಟರ್ 'ಚಿಕ್ಕ ಮಿಷನ್ ತಗಳಿ' ಅಂದ, ಮಾರನೂ ಅಂದ. ಜಮೀನು ಅಲಗೆ ಇದ್ದಂಗೈತೆ ಅಂತ ಸುಳ್ ಯೋಳಿ ದೊಡ್ಡದ್ನ ತಂದೋನೂ ನಾನೇ. ಅವನದ್ದು ಏನೂ ತಪ್ಪಿಲ್ಲ. ನಾನು ಎದ್ರಿಕೊಂಡು ಬಾಯ್ ಮುಚ್ಕೊಂಡ್ ಕುಂತಿದ್ದೆ."

ಹೇಳಿಬಿಟ್ಟ. ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದನ್ನು ಇಳಿಸಿಬಿಟ್ಟ. ಬೈಗುಳ ಬರಲಿ, ಉಗಿಯಲಿ, ಏನು ಬೇಕಾದರೂ ಮಾಡಲಿ ಎಂದು ತಲೆ ತಗ್ಗಿಸಿ ಕಾದ.

ದೊಡ್ಡಮುನಿಯಪ್ಪನವರು ನಿಧಾನವಾಗಿ ತಲೆದೂಗಿದರು.

"ನೋಡ್ರಪ್ಪಾ" ಎಂದರು. "ಮನುಷ್ಯ ಅಂದ್ರೆ ಇಂಗಿರ್ಬೇಕು. ಆ ಮಾರನ ಸಂಸಾರ ಬೀದಿಗೆ ಬಿತ್ತಲ್ಲ ಅಂತ, ಬೇರೇರು ಮಾಡಿದ ತಪ್ಪನ್ನ ತನ್ ತಲೆ ಮ್ಯಾಲೆ ಎತ್ಕೋತಾವ್ನೆ. ಯಾರಿಗೈತೆ ಇಂಥ ದೊಡ್ ಮನ್ಸು?"

"ಅಲ್ಲ, ಅಲ್ಲ" ಎಂದ ಕದಿರಪ್ಪ. "ನನ್ನಾಣೆಗೂ ನಿಜ. ನಾನೇ..."

"ಆಣೆಗೀಣೆ ಎಲ್ಲಾ ಯಾಕೆ ಬುಡು ಕದಿರಪ್ಪಣ್ಣ" ಎಂದು ಯಾರೋ ಅವನನ್ನು ಹಿಡಿದು ಕೂರಿಸಿದರು. "ನಿನ್ ಕಣ್ಣು ತಪ್ಪತ್ತಾ? ಜಾತ್ರೇಲಿ ಒಂದ್ ಸಲಾನಾದ್ರೂ ತಪ್ಪೈತಾ?"

"ಅಂಗಾದ್ರೆ ಮಾರನ್ನ ವಾಪಸ್ ತಗಳಿ" ಎಂದ ಕದಿರಪ್ಪ, ಹೆಚ್ಚುಕಡಿಮೆ ಬೇಡುತ್ತ.

"ಅದೊಂದ್ ಮಾತ್ರ ಬ್ಯಾಡ" ಎಂದರು ದೊಡ್ಡಮುನಿಯಪ್ಪನವರು. "ನಿನ್ ಮನ್ಸು ದೊಡ್ಡದು ಅಂತ ಸಂಘ ಮುಳುಗ್ಸಕಾಗ್ತದಾ? ಒಂದ್ ಕೆಲ್ಸ ಮಾಡು. ವೊಸ ಡ್ರೈವರ್‌ನ ನೀನೇ ನೋಡಿ ಆರ್ಸಿಕೊಡು."

ಎಲ್ಲರೂ ಅದೇ ಸರಿ ಎಂದರು. ಕೆಲವರು ಎದ್ದು ಬಂದು ಕದಿರಪ್ಪನ ಕೈ ಹಿಡಿದುಕೊಂಡರು. ಒಬ್ಬ ಮುದುಕ ಕಣ್ಣೊರೆಸಿಕೊಂಡ. ಕದಿರಪ್ಪ ಅವರ ಕೈಗಳಿಂದ ಬಿಡಿಸಿಕೊಂಡು ಜಗಲಿ ಇಳಿದು ಓಡಿದ. ಚಿಕ್ಕಮಾರಯ್ಯ ಆಗಲೇ ಬೀದಿಯ ತಿರುವಿನಲ್ಲಿದ್ದ.

"ಮಾರ, ನಾನು ಯೋಳ್ದೆ ಕಣೋ. ಎಲ್ಲಾನೂ ಯೋಳ್ದೆ. ಅವ್ರು ನಂಬಲಿಲ್ಲ."

ಚಿಕ್ಕಮಾರಯ್ಯ ನಿಂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕದಿರಪ್ಪನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಕೇಳಿಸ್ಕೊಂಡೆ ಗೌಡ್ರೇ. ಅವತ್ತೇ, ನಾನು 'ಆಕಿದ್ದು ನಾನೇ' ಅಂದಾಗ, ನೀವು 'ಆಕು ಅಂದೋನು ನಾನು' ಅಂದಿದ್ರೆ ನಂಬೋರು. ಇವತ್ತು ಯೋಳಿದ್ದು ನಿಮಗೆ ಧರ್ಮ ಆಗೋಯ್ತು." ಅಷ್ಟು ಹೇಳಿ ಕುಂಟುತ್ತ ಹೊರಟುಹೋದ. ತಿಂಗಳೊಳಗೆ ಮನೆಗೆ ಬೀಗ ಹಾಕಿಕೊಂಡು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರನ್ನೇ ಬಿಟ್ಟ.

ಕದಿರಪ್ಪ ಮನೆಗೆ ಬಂದಾಗ ಯಲ್ಲಮ್ಮ ಬಾಗಿಲಲ್ಲೇ ಕಾದು ಕೂತಿದ್ದಳು.

"ಯೋಳಿದ್ರಾ?"

"ಯೋಳ್ದೆ."

"ಏನಂದ್ರು?"

ಕದಿರಪ್ಪ ಹೊಸಲಿನ ಮೇಲೆ ಕುಸಿದು ಕೂತ.

"ಒಗಳಿದ್ರು ಕಣೆ" ಎಂದು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅಳತೊಡಗಿದ.